ಕೆಂಪು ನನ್ನ ಪಾಲು

ನೀಲಿ ಒದೆತ್‌ಳದು, ಹಸಿರು ಕೆಮ್ಮುವ ಬರ್ತ್‌ಳದು,
ಕೆಂಪು ನನ್ನ ಪಾಲು.
ನಾನ್ಸಿ ಪಟ್ಟಣದ ಈ ಮಹಡಿಯಲ್ಲಿ
ಉದ್ದ ಮೇಜಿನ ಎರಡೂ ಬದಿಗೆ ಹದಿನಾಲ್ಕು ಹೆಂಗಸರು
ಬೆಳಕು ಹರಿದಾಗಿನಿಂದ ಬೂದು ಪ್ರೇಮಿಗಳಿಗೆ
ಜೀವ ತುಂಬುತ್ತೇವೆ, ನೂರು ಕಾರ್ಡಿಗೆ ಇಷ್ಟು ಎಂದು.

ತುಟಿ ನಾನು. ಕೆನ್ನೆ ನಾನು. ಹಲ್ಲಲ್ಲಿ ಕಚ್ಚಿದ ಗುಲಾಬಿ ನಾನು.
ಲಂಗ ಸರಿದು ಮಂಡಿಯ ಮೇಲೆ ಇಣುಕುವ
ಕಾಲುಚೀಲದ ಪಟ್ಟಿ, ಅದೂ ನಾನೇ.
ಅದಕ್ಕೆ ಮಾತ್ರ ಮದಾಮ್ ಕೊಲಿನ್ಯೋಂ ಹತ್ತಿರ ಬಂದು
ಕನ್ನಡಕ ಏರಿಸಿ, "ಕೆಂಪು ಕಡಿಮೆ, ಲೆಯೋಂತೀನ್,
ಇದು ಅಂಚೆಯವನ ಕಣ್ಣ ಮುಂದೆ ಹೋಗುವಂಥದ್ದು" ಎನ್ನುತ್ತಾಳೆ.
"ಪಟ್ಟಿಯವು ಲಕೋಟೆಯೊಳಗೆ ಹೋಗುತ್ತವೆ ಮದಾಮ್."
"ಹಾಗಾದರೆ ಇನ್ನೊಂದು ಕೈ ಹಚ್ಚು."

ಚಿತ್ರದೊಳಗಿನವರನ್ನು ಬಲ್ಲೆ.
ರಟ್ಟಿನ ಚಂದ್ರನ ಬಾಗಿನಲ್ಲಿ ಕೂತು
ಕತ್ತು ಹಿಂದಕ್ಕೆ ಚೆಲ್ಲಿದವಳು ಜೆಲೀ,
ಕಾಲುವೆ ಬೀದಿಯ ಇಸ್ತ್ರಿ ಅಂಗಡಿಯವಳು.
ಮೀಸೆ ಹುರಿಮಾಡಿ ಅವಳ ಕೊರಳಿಗೆ ಬಾಗಿದ ಫುಲ್ಬೇರ್
ಬೆಳ್ಳುಳ್ಳಿ ಸಾಸೇಜು ತಿಂದು ಬಂದಿದ್ದನಂತೆ.
ಅವಳ ಕಣ್ಣು ಅರೆ ಮುಚ್ಚಿದ್ದು ಅದಕ್ಕೆ.
ಬಿಗಿಹಿಡಿದ ಆ ಉಸಿರನ್ನು ಸಿಪಾಯಿಗಳು ಕೊಳ್ಳುತ್ತಾರೆ,
ಔಷಧಿ ಅಂಗಡಿಯ ಗುಮಾಸ್ತ, ಪಾದ್ರಿಯ ಮನೆಯ ಅಡುಗೆಯವಳು
(ಅವಳು ಯಾರಿಗೆ ಕಳಿಸುತ್ತಾಳೋ!)
ಕೊಂಡು, ಜೇಬಿಗಿಳಿಸಿ, ಅತ್ತಿತ್ತ ನೋಡುತ್ತಾರೆ.

ಎರಡು ತುಟಿಗಳ ನಡುವೆ ಒಂದು ಗೋಧಿಕಾಳಿನ ಜಾಗ
ಯಾವಾಗಲೂ ಬಿಟ್ಟಿರುತ್ತಾರೆ.
ಮುಟ್ಟಿದರೆ ಮುಗಿಯಿತು, ಕಾರ್ಡು ಮಾರುವುದಿಲ್ಲ
ಎಂದು ಫೋಟೋದವನ ಮಾತು.
ನನ್ನ ಕುಂಚ ದಿನಕ್ಕೆ ಎಂಟುನೂರು ಸಲ
ಆ ಜಾಗದ ಅಂಚಿಗೆ ಹೋಗಿ ಹಿಂದೆ ಬರುತ್ತದೆ.
ತುದಿ ಚೂಪಾಗಲೆಂದು ಬಾಯಲ್ಲಿಡುತ್ತೇನೆ;
ಸಂಜೆಗೆ ನಾಲಿಗೆ ಕೆಂಪು, ರೊಟ್ಟಿ ಮುರಿದರೆ ರೊಟ್ಟಿಯೂ.
ಅಮ್ಮ ನೋಡುತ್ತಾಳೆ, ಏನೂ ಕೇಳುವುದಿಲ್ಲ.
ಕೇಳಿದ್ದರೆ ಹೇಳಲು ಏನೂ ಇರಲಿಲ್ಲ.

ನವೆಂಬರಿನಲ್ಲಿ ನನಗೇ ಒಂದು ಬಂತು.

ನಮ್ಮ ಮೇಜಿನ ಮಾಲೇ: ಅದೇ ಚಂದ್ರ, ಅದೇ ಜೆಲೀ,
ತುಟಿಯ ಗೆರೆ ದಾಟಿ ಗಲ್ಲಕ್ಕಿಳಿದ ಕೆಂಪು.
ಬೇಸಿಗೆಯಲ್ಲೊಂದು ಮಂಗಳವಾರ ಸೀನು ಬಂದಿತ್ತಲ್ಲ, ಅದು.
ನನ್ನ ಸೀನಿಗೆ ಹತ್ತು ಸಾಂತೀಮ್ ಕೊಟ್ಟವನು
ಟ್ರಾಮಿನ ಕಂಡಕ್ಟರು ಅನ್ಸೆಲ್ಮ್.
ಹಿಂದುಗಡೆ ನಾಲ್ಕು ಸಾಲು:
"ನಿಮ್ಮ ಕೊಡೆ ನನ್ನ ಗಾಡಿಯಲ್ಲಿ ಉಳಿದಿದೆ.
ಹಿಡಿಗೆ ಕಟ್ಟಿದ ಚೀಟಿಯಲ್ಲಿ ವಿಳಾಸವಿತ್ತು.
ಒಂದು ಕಡ್ಡಿ ಮುರಿದಿದೆ, ನಾನು ಮುರಿದದ್ದಲ್ಲ.
ಗೌರವಗಳೊಂದಿಗೆ."

ಆದರೆ ಸ್ಟಾಂಪು ಎಡಕ್ಕೆ ವಾಲಿತ್ತು.

ಸ್ಟಾಂಪಿನ ಭಾಷೆ ಕಲಿಸುವ ಕಾರ್ಡಿಗೂ ನಾವೇ ಬಣ್ಣ ಹಾಕಿದ್ದು:
ನೆಟ್ಟಗಿದ್ದರೆ ಸ್ನೇಹ, ತಲೆಕೆಳಗಾದರೆ ಮರೆತುಬಿಡು,
ಬಲಕ್ಕೆ ವಾಲಿದರೆ ಉತ್ತರ ಬರೆ,
ಎಡಕ್ಕೆ ವಾಲಿದರೆ...
ಒದೆತ್ ಮೇಜಿನ ಕೆಳಗೆ ನನ್ನ ಕಾಲು ತುಳಿದಳು.
ಬರ್ತ್ ಕೆಮ್ಮಿ ಅಂದಳು: ಓಡುವ ಟ್ರಾಮಿನಲ್ಲಿ ಅಂಟಿಸಿದರೆ
ಬಿಷಪ್ಪನ ಸ್ಟಾಂಪೂ ವಾಲುತ್ತದೆ.

ಭಾನುವಾರ ಆ ದಾರಿಯ ಟ್ರಾಮಿನಲ್ಲಿ
ಕೊನೆಯ ನಿಲ್ದಾಣದವರೆಗೆ ಎರಡು ಸಲ ಹೋಗಿಬಂದೆ.
ಬೇರೆ ಕಂಡಕ್ಟರು.
ತಿರುವುಗಳು ಎರಡೂ ಕಡೆಗಿವೆ.

ಉತ್ತರಕ್ಕೆ, ಬಣ್ಣ ಕಾಣದ ಒಂದು ಕಾರ್ಡು
ಡಬ್ಬಿಯಿಂದ ಎಗರಿಸಿದೆ. ಜೆಲೀಯ ತುಟಿ ಬೂದಿಯಂತೆ.
"ಕೊಡೆ ಅಲ್ಲೇ ಇರಲಿ" ಎಂದು ಬರೆದೆ,
"ಮಳೆ ಬಂದ ದಿನ ನಾನೇ ಬರುತ್ತೇನೆ."
ಸ್ಟಾಂಪನ್ನು ಅಳತೆಪಟ್ಟಿ ಇಟ್ಟು ನೆಟ್ಟಗೆ ಅಂಟಿಸಿದೆ,
ಕೂದಲೆಳೆಯಷ್ಟೂ ಆಚೀಚೆಯಾಗದ ಹಾಗೆ.
ನೆಕ್ಕುವಾಗ ಅದರ ಬೆನ್ನಿಗೆ ಕೆಂಪು ಹತ್ತಿತು.
ಅಂಟಿಸಿದ ಮೇಲೆ
ಅದು ಯಾರಿಗೂ ಕಾಣುವುದಿಲ್ಲ.